ಕೋಡ್ ಯಾರೇ ಬರೆಯಲಿ, ವೈವಾ ನಮ್ಮದೇ

ಸೆಕೆಂಡ್ ಇಯರ್‌ಗೆ ಬಂದ ತಕ್ಷಣ ಎಲ್ಲಾ ಸೀನಿಯರ್ಸ್ ಹೇಳೋ ಮಾತು ಒಂದೇ: "ಓಪನ್ ಸೋರ್ಸ್‌ಗೆ ಕಾಂಟ್ರಿಬ್ಯೂಟ್ ಮಾಡ್ರೋ, ರೆಸ್ಯೂಮೆಗೆ ತೂಕ ಬರುತ್ತೆ." ಒಳ್ಳೆ ಸಲಹೆನೇ. ಆದರೆ ಈಗ ಒಂದು ಇಶ್ಯೂನ ಕಾಪಿ ಮಾಡಿ ಎಐ ಟೂಲ್‌ಗೆ ಕೊಟ್ಟರೆ ಐದು ನಿಮಿಷದಲ್ಲಿ ಪುಲ್ ರಿಕ್ವೆಸ್ಟ್ ರೆಡಿ. ಅದಕ್ಕೇ ದೊಡ್ಡ ಪ್ರಾಜೆಕ್ಟ್‌ಗಳು ಒಂದರ ಹಿಂದೆ ಒಂದು ಎಐ ಬಗ್ಗೆ ನಿಯಮ ಮಾಡ್ತಿವೆ. "ಹೊಸಬರನ್ನ ಒಳಗೆ ಬಿಡಬಾರದು ಅಂತ ಮಾಡಿರೋ ರೂಲ್ಸ್ ಇವು" ಅಂತ ನಮ್ಮ ಕ್ಲಾಸಲ್ಲೇ ಹಲವರು ಹೇಳ್ತಾರೆ. ನಾನು ಒಪ್ಪಲ್ಲ. ಇವುಗಳಲ್ಲಿ ಒಳ್ಳೆಯ ನಿಯಮಗಳಿಂದ ಹೆಚ್ಚು ಲಾಭ ಆಗೋದು ನಮ್ಮಂಥ ಹೊಸಬರಿಗೇ.

ಮೊದಲು ಯಾರು ಏನು ಹೇಳಿದ್ದಾರೆ ನೋಡೋಣ. ಜೆಂಟೂ ಲಿನಕ್ಸ್ 2024ರ ಏಪ್ರಿಲ್‌ನಲ್ಲಿ, ಎಐ ಬರೆದದ್ದನ್ನು ತಗೊಳ್ಳಲ್ಲ ಅಂತ ತೀರ್ಮಾನಿಸಿತು. ಕೊಟ್ಟ ಕಾರಣ ಮೂರು: ಕಾಪಿರೈಟ್, ಗುಣಮಟ್ಟ, ನೈತಿಕತೆ. ಮರು ತಿಂಗಳೇ ನೆಟ್‌ಬಿಎಸ್‌ಡಿ, ಕೋರ್ ತಂಡದ ಲಿಖಿತ ಒಪ್ಪಿಗೆ ಇಲ್ಲದೆ ಅಂಥ ಕೋಡ್ ಸೇರಿಸುವಂತಿಲ್ಲ ಎಂದಿತು. 2025ರಲ್ಲಿ ಕ್ಯೂಎಮು ಕೂಡ ಬಾಗಿಲು ಹಾಕಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಫೆಡೋರಾ ಬೇರೆ ದಾರಿ ಹಿಡಿಯಿತು: ಎಐ ಬಳಸಬಹುದು, ಬಳಸಿದ್ದನ್ನು ಹೇಳಬೇಕು, ಪೂರ್ತಿ ಜವಾಬ್ದಾರಿ ಕಳಿಸಿದವರದ್ದೇ.

ಇಷ್ಟೆಲ್ಲಾ ಯಾಕೆ ಬೇಕಾಯ್ತು? ಕರ್ಲ್ ಕಥೆ ಕೇಳಿ. ಡೇನಿಯಲ್ ಸ್ಟೆನ್‌ಬರ್ಗ್ 1998ರಿಂದ ನಡೆಸ್ತಿರೋ ಈ ಪ್ರಾಜೆಕ್ಟ್ ನಮ್ಮ ಫೋನು, ಲ್ಯಾಪ್‌ಟಾಪು ಎಲ್ಲದರೊಳಗೂ ಇದೆ. ಸೆಕ್ಯುರಿಟಿ ದೋಷ ಹುಡುಕಿ ಕೊಟ್ಟವರಿಗೆ 2019ರಿಂದ ಅವರು ಬಹುಮಾನ ಕೊಡ್ತಿದ್ದರು. ಎಐ ಬಂದ ಮೇಲೆ ರಿಪೋರ್ಟ್‌ಗಳ ರಾಶಿ ಬೀಳತೊಡಗಿತು. ಇಂಗ್ಲಿಷ್ ಚೆನ್ನಾಗಿದೆ, ಹೆಡ್ಡಿಂಗ್‌ಗಳು ನೀಟಾಗಿವೆ, ಆದರೆ ಅದರಲ್ಲಿ ಹೇಳಿರೋ ದೋಷವೇ ಕೋಡ್‌ನಲ್ಲಿ ಇಲ್ಲ! ಸೆಕ್ಯುರಿಟಿ ವಿಷಯ ಆದ್ದರಿಂದ ಓದದೆ ಬಿಡೋ ಹಾಗೂ ಇಲ್ಲ. ಕೊನೆಗೆ 2026ರ ಜನವರಿ ಮುಗಿಯುತ್ತಿದ್ದಂತೆ ಆ ಬಹುಮಾನವನ್ನೇ ನಿಲ್ಲಿಸಿದರು. ಪ್ರಾಮಾಣಿಕವಾಗಿ ಕೂತು ಹುಡುಕುತ್ತಿದ್ದವರಿಗೂ ಅದು ತಪ್ಪಿಹೋಯ್ತು.

ಹಾಗಂತ ಸ್ಟೆನ್‌ಬರ್ಗ್ ಎಐ ವಿರೋಧಿ ಅಲ್ಲ. 2025ರಲ್ಲೇ ಒಬ್ಬ ಅನುಭವಿ ಸಂಶೋಧಕ ಎಐ ಟೂಲ್‌ಗಳಿಂದ ಕರ್ಲ್‌ನಲ್ಲಿ ಹತ್ತಾರು ನಿಜವಾದ ದೋಷ ಹುಡುಕಿ ಕೊಟ್ಟಾಗ ಅವರೇ ಬಹಿರಂಗವಾಗಿ ಹೊಗಳಿದರು. ಅಲ್ಲಿ ಟೂಲ್ ಹೇಳಿದ್ದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಅಂತ ಕೇರೋಕೆ ಬರುವ ಮನುಷ್ಯ ಇದ್ದ.

ಕೋಡ್ ಬರೆಯೋದು ಈಗ ಅಗ್ಗ, ಅದನ್ನ ಓದಿ ಪರೀಕ್ಷೆ ಮಾಡೋದು ಮಾತ್ರ ಮೊದಲಿನಷ್ಟೇ ದುಬಾರಿ. ಓದುವವರು ಬಹಳ ಕಡೆ ಸಂಬಳ ಇಲ್ಲದೆ, ಆಫೀಸ್ ಮುಗಿಸಿ ರಾತ್ರಿ ಕೂತು ಓದ್ತಾರೆ. ನಮ್ಮ ಐದು ನಿಮಿಷದ ಕೆಲಸಕ್ಕೆ ಅವರ ಎರಡು ಗಂಟೆ ಹೋದರೆ ಅದಕ್ಕೆ ಕಾಂಟ್ರಿಬ್ಯೂಷನ್ ಅನ್ನೋದು ಹೇಗೆ? ಈ ಕಾಯಿಲೆ ಎಐಗಿಂತ ಹಳೆಯದು ಅನ್ನೋದೂ ನಿಜ. 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಒಂದು ಟೀ ಶರ್ಟ್ ಆಸೆಗೆ ರೀಡ್‌ಮಿ ಫೈಲ್‌ನಲ್ಲಿ ಒಂದೆರಡು ಪದ ಬದಲಾಯಿಸಿ ಕಳಿಸಿದವರು ಎಷ್ಟು ಜನ ಅಂದರೆ, ತಾವಾಗಿ ಒಪ್ಪಿದ ಪ್ರಾಜೆಕ್ಟ್‌ಗಳು ಮಾತ್ರ ಲೆಕ್ಕಕ್ಕೆ ಅಂತ ನಿಯಮವನ್ನೇ ಬದಲಾಯಿಸಬೇಕಾಯ್ತು.

ಲಿನಕ್ಸ್ ಕರ್ನಲ್‌ನಲ್ಲಿ 2004ರಿಂದ ಪ್ರತಿ ಪ್ಯಾಚ್‌ನ ಕೆಳಗೆ 'ಸೈನ್ಡ್-ಆಫ್-ಬೈ' ಅಂತ ಒಂದು ಸಾಲು ಇರಬೇಕು. ಈ ಕೋಡ್ ಕೊಡೋ ಹಕ್ಕು ನನಗಿದೆ ಅಂತ ಹೆಸರು ಹಾಕಿ ಹೇಳೋ ಸಾಲು ಅದು. ಈಗ ಕರ್ನಲ್ ನಿಯಮದ ಪ್ರಕಾರ ಎಐ ಆ ಸಹಿ ಹಾಕುವಂತಿಲ್ಲ, ಮನುಷ್ಯನೇ ಹಾಕಬೇಕು. ಟೂಲ್ ಹೆಸರನ್ನು 'ಅಸಿಸ್ಟೆಡ್-ಬೈ' ಅಂತ ಬೇರೆ ಸಾಲಲ್ಲಿ ಬರೆಯಬೇಕು. ಊರಲ್ಲಿ ಸಾಲಕ್ಕೆ ಜಾಮೀನು ನಿಂತ ಹಾಗೆ ಇದು. ಸಾಲ ತಗೊಂಡವನು ಕೈಕೊಟ್ಟರೆ ಬ್ಯಾಂಕಿನವರು ಬರೋದು ಸಹಿ ಹಾಕಿದವರ ಮನೆಗೇ. ಎಐಗೆ ಮನೆನೂ ಇಲ್ಲ, ಸಹಿನೂ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ಎಲ್‌ಎಲ್‌ವಿಎಂ ನಿಯಮ. ಅಲ್ಲಿ ಎಐ ಬಳಸಬಹುದು, ಆದರೆ ಕಳಿಸುವ ಮುಂಚೆ ಮನುಷ್ಯ ಪೂರ್ತಿ ಓದಿರಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು. ಜೊತೆಗೆ 'ಗುಡ್ ಫಸ್ಟ್ ಇಶ್ಯೂ' ಅಂತ ಗುರುತು ಹಾಕಿದ ಕೆಲಸಗಳನ್ನು ಎಐಯಿಂದ ಮಾಡಿಸೋ ಹಾಗಿಲ್ಲ. ಅವು ಅರ್ಜೆಂಟ್ ಕೆಲಸಗಳಲ್ಲ. ಹೊಸಬರು ಕಲಿಯಲಿ ಅಂತ ಬೇಕಂತಲೇ ಬಿಟ್ಟಿರೋವು. ಅದನ್ನ ಎಐ ಮುಗಿಸಿದರೆ ಪ್ರಾಜೆಕ್ಟ್‌ಗೆ ದೊಡ್ಡ ಲಾಭ ಇಲ್ಲ, ಕಲಿಯಬೇಕಾದವನ ಸೀಟು ಮಾತ್ರ ಹೋಗುತ್ತೆ. ಹೊಸಬರನ್ನ ಒಳಗೆ ಬಿಡಲ್ಲ ಅನ್ನೋರು ಇದನ್ನ ಒಮ್ಮೆ ಯೋಚಿಸಿ.

ಪೂರ್ತಿ ನಿಷೇಧದ ಬಗ್ಗೆ ಮಾತ್ರ ನನಗೆ ತಕರಾರಿದೆ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ನಾಲ್ಕು ಸಾಲು ವಿವರಣೆ ಬರೆಯೋದು ನನಗೆ ಕಷ್ಟ ಅಲ್ಲ. ಕನ್ನಡ ಮೀಡಿಯಂನಿಂದ ಬಂದ ನನ್ನ ಹಾಸ್ಟೆಲ್ ಗೆಳತಿಗೆ ಲಾಜಿಕ್ ನನಗಿಂತ ಚೆನ್ನಾಗಿ ಬರುತ್ತೆ, ಇಂಗ್ಲಿಷ್‌ಗೆ ಮಾತ್ರ ಹೆದರ್ತಾಳೆ. ಅವಳು ತಾನೇ ಬರೆದ ಕೋಡ್‌ನ ವಿವರಣೆಯನ್ನ ಎಐಯಿಂದ ತಿದ್ದಿಸಿದರೆ ತಪ್ಪೇನು? "ಬಳಸಿದ್ದೇನೆ" ಅಂತ ಹೇಳಿದರೆ ಸಾಕು ಅನ್ನೋ ನಿಯಮ ಇವಳನ್ನ ಒಳಗೆ ಬಿಡುತ್ತೆ, ಪೂರ್ತಿ ನಿಷೇಧ ಹೊರಗೇ ನಿಲ್ಲಿಸುತ್ತೆ.

"ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತೆ?" ಅಂತ ಕೇಳಬಹುದು. ನಮ್ಮ ಲ್ಯಾಬ್ ನೆನಪಿಸಿಕೊಳ್ಳಿ. ರೆಕಾರ್ಡ್ ಯಾರದ್ದು ನೋಡಿ ಬರೆದಿದ್ದೀರಿ ಅಂತ ಎಕ್ಸ್‌ಟರ್ನಲ್ ಕೇಳಲ್ಲ. "ಈ ಲೂಪ್ ಯಾಕೆ ಹಾಕಿದ್ದೀಯಮ್ಮ?" ಅಂತಾರೆ, ಅಷ್ಟೇ. ರಿವ್ಯೂನೂ ವೈವಾನೇ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರಲ್ಲ, ಹಾಗೇ ನಮ್ಮ ಮಿನಿ ಪ್ರಾಜೆಕ್ಟ್‌ನಲ್ಲಿ ಏನು ಬೇಕಾದರೂ ಬಳಸೋಣ, ಬೇರೆಯವರ ರೆಪೊಗೆ ಹೋದಾಗ ಅವರ ನಿಯಮ ಓದಿ ಹೋಗೋಣ. ಮುಂದಿನ ಸಲ ಕಾಲೇಜಲ್ಲಿ ಓಪನ್ ಸೋರ್ಸ್ ಸ್ಪರ್ಧೆ ನಡೆದಾಗ ಪುಲ್ ರಿಕ್ವೆಸ್ಟ್‌ಗಳನ್ನ ಎಣಿಸೋದು ಬಿಟ್ಟು, ಪ್ರತಿಯೊಬ್ಬರೂ ತಮ್ಮ ಒಂದು ಪ್ಯಾಚ್‌ನ ಐದು ನಿಮಿಷ ಎಲ್ಲರ ಮುಂದೆ ವಿವರಿಸಲಿ. ಕನ್ನಡದಲ್ಲೇ ವಿವರಿಸಲಿ. ಅರ್ಥ ಆಗಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತೆ.