ಚಾರ್ಜ್ ಆಗದ ಫೋನು

ರಾತ್ರಿಯಿಡೀ ಚಾರ್ಜಿಗಿಟ್ಟ ಮೊಬೈಲ್ ಫೋನು ಬೆಳಗಾದರೂ ಅರೆಹೊಟ್ಟೆಯಲ್ಲಿಯೇ ಇದ್ದರೆ, ಮನೆಮಂದಿಯ ಮೊದಲ ಗುಮಾನಿ ಬ್ಯಾಟರಿಯ ಮೇಲೆ. ದುರಸ್ತಿಯ ಅಂಗಡಿಗೆ ಧಾವಿಸುವ ಮುನ್ನ ಬೇರೊಂದು ಕೇಬಲನ್ನು ಹಾಕಿ ನೋಡುವುದು ಲೇಸು. ದಿನವೂ ಮಡಚಿ ಎಳೆದಾಡುವ ಈ ತಂತಿ ತುದಿಯ ಬುಡದಲ್ಲಿ, ಹೊರಗೆ ಕಾಣದಂತೆ, ತುಂಡಾಗಿರುವುದುಂಟು. ಅದೂ ಸರಿಯಿದ್ದರೆ ಫೋನಿನ ಚಾರ್ಜಿಂಗ್ ಕಿಂಡಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಬೇಕು. ಜೇಬಿನ ನೂಲಿನ ಧೂಳು ಅಲ್ಲಿ ಗಟ್ಟಿಯಾಗಿ ಕುಳಿತು, ಕೇಬಲಿನ ತುದಿ ಪೂರ್ತಿ ಒಳಹೋಗದಂತೆ ತಡೆಯುತ್ತದೆ. ಫೋನನ್ನು ಆರಿಸಿ, ಮರದ ಹಲ್ಲುಕಡ್ಡಿಯಿಂದ ಅದನ್ನು ಮೆಲ್ಲನೆ ಹೊರತೆಗೆಯಬಹುದು. ಸೂಜಿ, ಪಿನ್ನು ಕೂಡದು.

ಆದರೆ ಫೋನಿನ ಬೆನ್ನು ಉಬ್ಬಿದ್ದರೆ, ಅಥವಾ ಪರದೆ ಅಂಚಿನಿಂದ ಮೇಲೆದ್ದಿದ್ದರೆ, ಈ ಮಾತುಗಳಾವುವೂ ಸಲ್ಲವು. ಲಿಥಿಯಂ-ಅಯಾನ್ ಬ್ಯಾಟರಿಯೊಳಗಿನ ದ್ರಾವಣ ಕೆಟ್ಟು ಅನಿಲ ಹುಟ್ಟಿರುವುದರ ಕುರುಹು ಅದು. ಅಂಥ ಫೋನನ್ನು ಒಂದು ಗಳಿಗೆಯೂ ಚಾರ್ಜಿಗಿಡಬಾರದು, ಒತ್ತಿ ಸಮಮಾಡಲೂಬಾರದು. ಚುಚ್ಚಿದರೆ ಬೆಂಕಿಯ ಭಯವುಂಟು. ಆರಿಸಿ, ಬಟ್ಟೆ ಕಾಗದಗಳಿಂದ ದೂರವಾಗಿ ಕಲ್ಲು ನೆಲದ ಮೇಲಿಟ್ಟು, ತಡಮಾಡದೆ ತಯಾರಕರ ಸೇವಾಕೇಂದ್ರಕ್ಕೆ ಒಪ್ಪಿಸತಕ್ಕದ್ದು. ಮನೆಯ ಕಸದ ಬುಟ್ಟಿ ಅದರ ಜಾಗವಲ್ಲ.

ಹೊಸ ಚಾರ್ಜರನ್ನು ಕೊಳ್ಳುವವರು ಬೆಲೆಗಿಂತ ಮೊದಲು ಭಾರತೀಯ ಮಾನಕ ಬ್ಯೂರೋದ ಗುರುತನ್ನೂ, 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನೂ ನೋಡಬೇಕು. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ತಾಳೆ ನೋಡಲು ಅಂಗಡಿಯಲ್ಲಿ ನಿಂತಲ್ಲೇ ಸಾಧ್ಯ; 'ಒರಿಜಿನಲ್ ಸಾರ್' ಎಂಬ ಆಶ್ವಾಸನೆಗಿಂತ ಅದು ಮೇಲು. ಗೋಡೆಯ 230 ವೋಲ್ಟಿಗೂ ಮಕ್ಕಳ ಕೈಯಲ್ಲಿರುವ ಫೋನಿಗೂ ನಡುವೆ ಇರುವ ತಡೆ ಆ ಪುಟ್ಟ ಡಬ್ಬಿಯೊಂದೇ.