ಬೋರ್ ಪಕ್ಕದ ತಿಪ್ಪೆ ನಂದೇ

ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಲ್ಲೂ 5 ಜನ ಹೆಣ್ಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕು ಅಂತಿದೆ. ಮೊನ್ನೆ ನಮ್ಮೂರ ಕುಡಿಯೋ ನೀರಿನ ಬೋರ್‌ನ ಕಿಟ್‌ನಲ್ಲಿ ನೋಡಿದ್ರು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ದಾಟಿತ್ತು. ಇದು ಕುದಿಸಿದ್ರೂ ಹೋಗಲ್ಲ, ಹಸುಗೂಸಿಗೆ ಅಪಾಯ.

ಪಂಚಾಯ್ತಿಯವರಿಗೆ ಬೈಯೋಕೆ ಹೊರಟೆ. "ಅಣ್ಣಾ, ಬೋರ್ ಪಕ್ಕದ ತಿಪ್ಪೆ ಯಾರ್ದು?" ಅಂದ್ಲು ಕಿಟ್ ಹಿಡ್ಕೊಂಡಿದ್ದ ಹೆಣ್ಮಗಳು. ನಂದೇ! ಅಳತೆ ಮೀರಿ ಹೊಲಕ್ಕೆ ಎರಚೋ ಯೂರಿಯಾನೂ ನಂದೇ.

ತಿಪ್ಪೆ ಎತ್ತಿಸಿದೀನಿ. ಅಷ್ಟಕ್ಕೇ ನೀರು ಸರಿಹೋಗಲ್ಲ, ಗೊತ್ತು. ಪಂಚಾಯ್ತಿಯವರು ನೀರನ್ನ ಲ್ಯಾಬಿಗೆ ಕಳಿಸಿ, ಅಲ್ಲೀವರೆಗೂ ಬೇರೆ ನೀರು ಕೊಡಬೇಕು, ರಿಪೋರ್ಟನ್ನ ಗ್ರಾಮಸಭೇಲಿ ಓದಬೇಕು. ಕೆಡಿಸೋದು ನಾವು, ಉಳಿಸೋದು ಬರೀ ಅವರು ಅಂದ್ರೆ ಆಗುತ್ತಾ? ನಿಮ್ಮೂರ ಬೋರ್ ಸುತ್ತ ಏನಿದೆ, ಒಂದ್ಸಲ ನೋಡ್ಕೊಂಡು ಬನ್ನಿ.