25 ವರ್ಷದ ಭರವಸೆ, ಇರುವೆಯಕ್ಷರದ ಷರತ್ತು

ಬೆಂಗಳೂರಿನ ಜಯನಗರ, ಬನಶಂಕರಿಗಳ ತಾರಸಿಗಳ ಮೇಲೆ ಸೋಲಾರ್ ಫಲಕಗಳು ಏಳುತ್ತಿವೆ. ನಿವೃತ್ತ ಗುಮಾಸ್ತ ತನ್ನ ಗಳಿಕೆಯ ಗಂಟು ಬಿಚ್ಚಿ ಅವನ್ನು ಕೊಳ್ಳುತ್ತಿದ್ದಾನೆ. ಮಾರುವವನ ಬಾಯಲ್ಲಿ ಒಂದೇ ಮಂತ್ರ: "25 ವರ್ಷ ಗ್ಯಾರಂಟಿ, ಸ್ವಾಮಿ!"

ಸೂರ್ಯನ ಬೆಳಕಿನ ವಿದ್ಯುತ್ತಿಗೆ ನಾವು ವಿರೋಧಿಗಳಲ್ಲ. ನಮ್ಮ ತಕರಾರು ಆ ಗ್ಯಾರಂಟಿ ಪತ್ರದ ಮೇಲೆ. ಅದರ ಮುಂಭಾಗದಲ್ಲಿ ದಪ್ಪಕ್ಷರದ ಭರವಸೆ. ಹಿಂಭಾಗದಲ್ಲಿ, ಅದೂ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಷರತ್ತುಗಳು. ಬಲಗೈ ಕೊಟ್ಟದ್ದನ್ನು ಎಡಗೈ ಕಸಿದುಕೊಳ್ಳುತ್ತದೆ.

ಆ 25 ವರ್ಷವೆಂಬುದೇನು? ಫಲಕ ಒಡೆದರೆ, ಕೆಟ್ಟರೆ ಹೊಣೆ ಹೊರುವುದು ಸಾಮಾನ್ಯವಾಗಿ 10 ಅಥವಾ 12 ವರ್ಷ ಮಾತ್ರ. 25 ವರ್ಷದ ಮಾತು ಉತ್ಪಾದನೆಗೆ ಸಂಬಂಧಿಸಿದ್ದು: ಅವಧಿಯ ಕೊನೆಗೆ ಮೂಲ ಶಕ್ತಿಯ ಶೇ. 80ರಷ್ಟಾದರೂ ಉಳಿದಿರುತ್ತದೆ ಎಂಬುದು. ಅದನ್ನು ಅಳೆಯುವುದು ಪ್ರಯೋಗಶಾಲೆಯಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ. ತಾರಸಿಯ ಬಿಸಿಲಿನಲ್ಲಿ ನಿಂತ ಗುಮಾಸ್ತ ಅದನ್ನು ಸಾಬೀತುಪಡಿಸುವುದು ಹೇಗೆ? ಇನ್‌ವರ್ಟರಿನ ಗ್ಯಾರಂಟಿ ಬೇರೆ, ಅವಧಿಯೂ ಕಡಿಮೆ.

ಇನ್ನು ಹೊರಗಿಟ್ಟವುಗಳ ಪಟ್ಟಿ ನೋಡಿ. ಸಿಡಿಲು, ಬಿರುಗಾಳಿ, ವಿದ್ಯುತ್ತಿನ ಏರಿಳಿತ ಸೇರುವುದಿಲ್ಲ. ಕಂಪನಿಯ ಒಪ್ಪಿಗೆಯಿಲ್ಲದೆ ಬೇರೆಯವರು ರಿಪೇರಿ ಮಾಡಿದರೆ ಸೇರುವುದಿಲ್ಲ. ಮೊದಲು ಕೂರಿಸಿದ ಜಾಗದಿಂದ ಕಿತ್ತರೆ ಎಷ್ಟೋ ಕಂಪನಿಗಳ ಗ್ಯಾರಂಟಿ ಅಲ್ಲಿಗೇ ಮುಗಿಯಿತು. ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿರುವ ಜಯನಗರದಲ್ಲಿ ಇದು ಸಣ್ಣ ಮಾತಲ್ಲ. ಫಲಕ ಬದಲಿಸಿಕೊಟ್ಟರೂ ಸಾಗಾಣಿಕೆ, ಇಳಿಸಿ ಏರಿಸುವ ಕೂಲಿ ಬಹುಪಾಲು ಕೊಂಡವನ ತಲೆಗೇ. ಕೂರಿಸಿದ್ದು ಸರಿಯಿಲ್ಲವೆಂದು ತಯಾರಕ, ಫಲಕವೇ ಸರಿಯಿಲ್ಲವೆಂದು ಕೂರಿಸಿದವ. ಇಬ್ಬರ ನಡುವೆ ಗಿರಾಕಿ ಚೆಂಡು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ!

ಈ ಆಟ ಹೊಸದಲ್ಲ. ಬೆಂಗಳೂರಿನ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವಾಗಿ ವರ್ಷಗಳಾದವು. ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಯ ಎಷ್ಟೋ ಮನೆಗಳಿಗೆ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಅದರಿಂದ ಕೊಳವೆಯಲ್ಲಿ ಸುಣ್ಣ ಕಟ್ಟಿದರೆ ಗ್ಯಾರಂಟಿ ಇಲ್ಲವೆಂಬುದು ಹೀಟರುಗಳ ಪರಿಚಿತ ಷರತ್ತು. ಊರಿನ ನೀರೇ ಹಾಗಿರುವಾಗ ಈ ಷರತ್ತಿಗೆ ಏನರ್ಥ? ಅದೇ ನೀರಿನಿಂದ ಫಲಕ ತೊಳೆದರೆ ಬಿಳಿ ಕಲೆ ಕಟ್ಟುತ್ತದೆ; ತಪ್ಪಾಗಿ ತೊಳೆದದ್ದೂ ಹೊರಗಿಟ್ಟ ಪಟ್ಟಿಯಲ್ಲಿದೆ.

ಇದು ಬರೀ ಖಾಸಗಿ ವ್ಯಾಪಾರವಾದರೆ ಸುಮ್ಮನಿರಬಹುದಿತ್ತೇನೋ. ಆದರೆ 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ್ದು 75,021 ಕೋಟಿ ರೂಪಾಯಿ. 3 ಕಿಲೋವಾಟಿನ ಘಟಕಕ್ಕೆ ಸಹಾಯಧನ 78,000 ರೂಪಾಯಿ. ಇದು ಬೆಂಕಿಪೊಟ್ಟಣಕ್ಕೂ ತೆರಿಗೆ ತೆರುವ ಬಡವನ ಹಣ. ಆ ಹಣದಿಂದ ಕಂಪನಿಗೆ ಗಿರಾಕಿಯನ್ನು ಒದಗಿಸುವ ಸರ್ಕಾರ, ಗಿರಾಕಿಗೆ ನ್ಯಾಯವನ್ನೂ ಒದಗಿಸಬೇಡವೆ? ಯೋಜನೆಯಡಿ 5 ವರ್ಷ ನಿರ್ವಹಣೆ ಮಾರಾಟಗಾರನ ಹೊಣೆಯೆಂಬ ನಿಯಮವೇನೋ ಇದೆ. ಉಳಿದ 20 ವರ್ಷಕ್ಕೆ ಯಾರು?

ಕಾನೂನು ಇದೆ ಎನ್ನುವರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಅನ್ಯಾಯದ ಕರಾರು' ಎಂಬುದನ್ನು ಗುರುತಿಸಿದೆ, ನಿಜ. ಆದರೆ ಕರಾರೇ ಅನ್ಯಾಯವೆಂಬ ದೂರನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ. ರಾಜ್ಯ ಆಯೋಗದ ಮೆಟ್ಟಿಲನ್ನೇ ಹತ್ತಬೇಕು. ಸರಕಿನ ದೋಷ, ಸೇವೆಯ ಕೊರತೆಯ ದೂರನ್ನು ಮಾತ್ರ ತಮ್ಮ ಜಿಲ್ಲೆಯಲ್ಲೇ ಸಲ್ಲಿಸಬಹುದು; ಕೊಟ್ಟ ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಓದುಗರು ಇದನ್ನು ನೆನಪಿಡಲಿ. ಹಣ ಕೊಡುವ ಮೊದಲೇ ಗ್ಯಾರಂಟಿ ಪತ್ರ ಕೇಳಲಿ. ಬಿಲ್ಲು, ಫಲಕದ ಮೇಲಿನ ಸಂಖ್ಯೆ, ಕೂರಿಸಿದ ದಿನದ ಚಿತ್ರ ಕಾದಿಡಲಿ.

ಜಯನಗರದ ಚಿಂತೆ ಜಿಲ್ಲೆಯವರಿಗೇಕೆ ಎನ್ನಬೇಡಿ. 2019ರ ಕುಸುಮ್ ಯೋಜನೆಯ ಸೋಲಾರ್ ಪಂಪ್‌ಸೆಟ್ಟುಗಳು ನಮ್ಮ ರೈತರ ಹೊಲಗಳಿಗೂ ಬಂದಿವೆ. ಸಿಡಿಲು ಹೊಲದಲ್ಲೂ ಬೀಳುತ್ತದೆ.

ನಮ್ಮ ಬೇಡಿಕೆ ಸ್ಪಷ್ಟ. ಸಹಾಯಧನ ಪಡೆಯುವ ಪ್ರತಿ ಫಲಕಕ್ಕೂ ಕನ್ನಡದಲ್ಲಿ, ದಪ್ಪಕ್ಷರದಲ್ಲಿ, ಒಂದೇ ಮಾದರಿಯ ಗ್ಯಾರಂಟಿ ಪತ್ರವಿರಲಿ. ತಯಾರಕನೂ ಕೂರಿಸಿದವನೂ ಜಂಟಿಯಾಗಿ ಹೊಣೆಯಾಗಲಿ. ಕೂಲಿ, ಸಾಗಾಣಿಕೆ ಕಂಪನಿಯೇ ಭರಿಸಲಿ. ಅನ್ಯಾಯದ ಕರಾರನ್ನು ರದ್ದುಪಡಿಸುವ ಅಧಿಕಾರ ಜಿಲ್ಲಾ ಆಯೋಗಕ್ಕೂ ಸಿಗಲಿ.

ಸೂರ್ಯ ಯಾವ ಷರತ್ತೂ ಹಾಕದೆ ಬೆಳಕು ಕೊಡುತ್ತಾನೆ. ಆ ಬೆಳಕನ್ನು ಮಾರಿ ಲಾಭ ಎಣಿಸುವವರು ಕೊಟ್ಟ ಮಾತಿಗಾದರೂ ನಿಲ್ಲಬೇಕು; ನಿಲ್ಲದಿದ್ದರೆ ನಿಲ್ಲಿಸುವ ಕೆಲಸ ಜನರದು.